ರೋಮ ತೆಗೆಸಲು ಹೋಗಿ ಮುಖಕ್ಕೆ ಗುಳಿ ಬೀಳದಿರಲಿ: ಎಲೆಕ್ಟ್ರಾಲಿಸಿಸ್ ಮಾಡಿಸುವವರು ತಿಳಿದಿರಬೇಕಾದ ಸಂಗತಿಗಳು

ಅಹಮದಾಬಾದ್: ಗುಜರಾತಿನಲ್ಲಿ ನವರಾತ್ರಿ ಸಮೀಪಿಸಿತೆಂದರೆ ಬ್ಯೂಟಿ ಪಾರ್ಲರುಗಳಿಗೆ ಸುಗ್ಗಿಕಾಲ. ಒಂಬತ್ತು ರಾತ್ರಿಯ ಗರ್ಬಾಕ್ಕೆಂದು ಚಣಿಯಾ ಚೋಳಿ ಹೊಲಿಸಿಕೊಂಡ ಹೆಣ್ಣುಮಕ್ಕಳು ಥ್ರೆಡಿಂಗ್, ವ್ಯಾಕ್ಸಿಂಗ್, ಫೇಶಿಯಲ್ ಎಂದು ಸಾಲುಗಟ್ಟಿ ನಿಲ್ಲುತ್ತಾರೆ. ಅಹಮದಾಬಾದ್, ಬರೋಡ, ಸೂರತ್ ನಗರಗಳಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ನವರಾತ್ರಿ ಮುಗಿಯುತ್ತಿದ್ದಂತೆ ಮದುವೆಯ ಋತು, ಅದರ ಬೆನ್ನಿಗೆ ಬೇಸಿಗೆ ರಜೆಯಲ್ಲಿ ಊರಿನ ಶುಭಕಾರ್ಯಗಳು. ಈ ನಡುವೆ ಗಲ್ಲದ ಮೇಲೆ ಅಥವಾ ಮೇಲ್ತುಟಿಯ ಮೇಲೆ ದಪ್ಪ ರೋಮ ಇರುವ ಹೆಣ್ಣುಮಗಳಿಗೆ ಯಾರಾದರೊಬ್ಬರು ಕೊಡುವ ಸಲಹೆ ಒಂದೇ: "ಎಲೆಕ್ಟ್ರಾಲಿಸಿಸ್ ಮಾಡಿಸಿಬಿಡು, ಮತ್ತೆ ಬರುವುದಿಲ್ಲ."

ಈ ಸಲಹೆ ತಪ್ಪಲ್ಲ. ಬೇಡದ ರೋಮವನ್ನು ಬುಡಸಮೇತ ಶಾಶ್ವತವಾಗಿ ತೆಗೆಯಬಲ್ಲ ವಿಧಾನವೆಂದು ವೈದ್ಯಲೋಕದಲ್ಲಿ ಎಲೆಕ್ಟ್ರಾಲಿಸಿಸ್‌ಗೆ ಹೆಸರಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಲೇಸರ್ ಚಿಕಿತ್ಸೆಯನ್ನು "ರೋಮದ ಶಾಶ್ವತ ಇಳಿಕೆ" ಎಂದಷ್ಟೇ ಹೇಳಲು ಬಿಡುತ್ತದೆ. "ಶಾಶ್ವತ ನಿವಾರಣೆ" ಎಂಬ ಮಾತು ಎಲೆಕ್ಟ್ರಾಲಿಸಿಸ್‌ಗೆ ಮಾತ್ರ ಸಲ್ಲುತ್ತದೆ. ಆದರೆ ಇದು ಸಂಪೂರ್ಣವಾಗಿ ಕೈಚಳಕದ ಕೆಲಸ. ಒಂದೊಂದು ರೋಮಕ್ಕೂ ಬೇರೆ ಬೇರೆಯಾಗಿ ಸೂಜಿ ಇಳಿಸಿ ವಿದ್ಯುತ್ ಹಾಯಿಸಬೇಕು. ಪಳಗಿದ ಕೈಯಲ್ಲಿ ರೋಮ ಹೋಗುತ್ತದೆ, ಚರ್ಮ ಉಳಿಯುತ್ತದೆ. ಪಳಗದ ಕೈಯಲ್ಲಿ ಚರ್ಮ ಸುಡುತ್ತದೆ, ರೋಮ ಮಾತ್ರ ಮರಳಿ ಬರುತ್ತದೆ.

ಹಾನಿಯಾದ ಮೇಲೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಮುಖದ ರೋಮದ ವಿಷಯವೇ ಸಂಕೋಚದ್ದು. ಅದನ್ನು ತೆಗೆಸಲು ಹೋಗಿ ಗುಳಿ ಬಿದ್ದ ಸಂಗತಿಯನ್ನು ಹೇಳಿಕೊಳ್ಳುವುದು ಇನ್ನೂ ಕಷ್ಟ. "ನಿಮ್ಮ ಚರ್ಮವೇ ಹಾಗೆ" ಎಂಬ ಪಾರ್ಲರಿನವರ ಮಾತನ್ನು ನಂಬಿ, ಮುಂಗಡ ಕೊಟ್ಟ ಹಣ ಹಾಳಾಗಬಾರದೆಂದು ಮತ್ತೆ ಅದೇ ಕುರ್ಚಿಯಲ್ಲಿ ಕೂರುವವರಿದ್ದಾರೆ. ಇದು ಗಾಯದ ಮೇಲೆ ಬರೆ ಎಳೆಸಿಕೊಂಡಂತೆ. ಚಿಕಿತ್ಸೆ ಸರಿಯಾಗಿ ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಬಹುಪಾಲು ಮೊದಲ ಸಿಟ್ಟಿಂಗಿನಲ್ಲೇ ಗುರುತಿಸಬಹುದು. ಅಲ್ಲಿಗೇ ನಿಲ್ಲಿಸಿದರೆ ಹಾನಿಯೂ ಅಲ್ಲಿಗೇ ನಿಲ್ಲುತ್ತದೆ.

ಕಣ್ಣಿನ ವೈದ್ಯರಿಂದ ಬಂದ ವಿಧಾನ

ಎಲೆಕ್ಟ್ರಾಲಿಸಿಸ್ ಹುಟ್ಟಿದ್ದು ಸೌಂದರ್ಯಕ್ಕಾಗಿ ಅಲ್ಲ. ಅಮೆರಿಕದ ಸೇಂಟ್ ಲೂಯಿ ನಗರದ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್ ಅವರು ಒಳಮುಖವಾಗಿ ಬೆಳೆದು ಕಣ್ಣುಗುಡ್ಡೆಯನ್ನು ಗೀರುತ್ತಿದ್ದ ರೆಪ್ಪೆಗೂದಲುಗಳನ್ನು ತೆಗೆಯಲು ಸೂಜಿಯ ಮೂಲಕ ವಿದ್ಯುತ್ ಹಾಯಿಸಿದ ವಿಧಾನವನ್ನು 1875ರಲ್ಲಿ ಪ್ರಕಟಿಸಿದರು. ಕಿತ್ತಷ್ಟೂ ಬೆಳೆಯುತ್ತಿದ್ದ ರೆಪ್ಪೆಗೂದಲು ಈ ವಿಧಾನದಿಂದ ಮತ್ತೆ ಬೆಳೆಯಲಿಲ್ಲ. 1924ರಲ್ಲಿ ಫ್ರಾನ್ಸಿನ ಲಿಯಾನ್ ನಗರದ ಹೆನ್ರಿ ಬೋರ್ಡಿಯೆ ಅವರು ಅಧಿಕ ಆವರ್ತನದ ವಿದ್ಯುತ್ತಿನಿಂದ ಬುಡವನ್ನು ಬಿಸಿಮಾಡುವ ಇನ್ನೊಂದು ದಾರಿ ತೋರಿಸಿದರು. ಮುಂದೆ ಈ ಎರಡನ್ನೂ ಸೇರಿಸಿದ ಮೂರನೆಯ ಬಗೆಯೂ ಬಂತು.

ಇಂದು ಬಳಕೆಯಲ್ಲಿರುವುದು ಈ ಮೂರು ಬಗೆಗಳೇ. ಮೊದಲನೆಯದು ಗ್ಯಾಲ್ವಾನಿಕ್. ಇದರಲ್ಲಿ ನೇರ ವಿದ್ಯುತ್ತು ರೋಮಕೂಪದೊಳಗಿನ ಉಪ್ಪು ಮತ್ತು ನೀರಿನಂಶದಿಂದ ಕಾಸ್ಟಿಕ್ ಸೋಡಾವನ್ನು ಉಂಟುಮಾಡುತ್ತದೆ. ಅದು ರೋಮದ ಬುಡವನ್ನು ಕರಗಿಸುತ್ತದೆ. ಬರೋಡದ ಗುಜರಾತ್ ಆಲ್ಕಲೀಸ್ ಕಾರ್ಖಾನೆಯಲ್ಲಿ ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತಯಾರಿಸುವುದೂ ಇದೇ ತತ್ವದ ಮೇಲೆ ಎಂದರೆ, ಆ ಭಾಗದಲ್ಲಿ ಕೆಲಸ ಮಾಡುವ ನಮ್ಮವರಿಗೆ ಸುಲಭವಾಗಿ ಅರ್ಥವಾದೀತು. ಎರಡನೆಯದು ಥರ್ಮೋಲಿಸಿಸ್, ಕ್ಷಣಮಾತ್ರದ ಶಾಖದಿಂದ ಬುಡವನ್ನು ನಾಶಪಡಿಸುವುದು. ಮೂರನೆಯದು ಎರಡೂ ಸೇರಿದ ಬ್ಲೆಂಡ್. ಕಾಸ್ಟಿಕ್ ಸೋಡಾ ಆಗಲಿ, ಶಾಖವಾಗಲಿ, ಬೀಳಬೇಕಾದ್ದು ಚರ್ಮದ ಒಳಗಿರುವ ರೋಮದ ಬುಡದ ಮೇಲೆ. ಸೂಜಿ ಮೇಲೆಯೇ ನಿಂತರೆ ಹೊರಚರ್ಮ ಸುಡುತ್ತದೆ. ಕೂಪವನ್ನು ದಾಟಿ ಕೆಳಗೆ ಇಳಿದರೆ ಆಚೆಗಿನ ಚರ್ಮಕ್ಕೆ ಗಾಯವಾಗಿ ರಕ್ತ ಬರುತ್ತದೆ. ಮುಖದ ಮೇಲೆ ಈ ಆಳ ಕೆಲವೇ ಮಿಲಿಮೀಟರ್. ತಪ್ಪಿಗೆ ಅವಕಾಶ ಎಷ್ಟು ಕಡಿಮೆ ಎಂಬುದನ್ನು ಇದರಿಂದ ಊಹಿಸಬಹುದು.

ಲೇಸರ್ ಬಂದ ಮೇಲೆ ಎಲೆಕ್ಟ್ರಾಲಿಸಿಸ್ ಏಕೆ ಬೇಕು ಎಂಬ ಪ್ರಶ್ನೆ ಸಹಜ. ಲೇಸರ್ ಕೆಲಸ ಮಾಡುವುದು ರೋಮದ ಕಪ್ಪು ಬಣ್ಣವನ್ನು ಹಿಡಿದು. ಬಿಳಿಯಾದ ರೋಮ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಮುಟ್ಟು ನಿಂತ ಮೇಲೆ ಗಲ್ಲದ ಮೇಲೆ ಬರುವ ನಾಲ್ಕಾರು ಬಿರುಸಾದ ಬಿಳಿ ರೋಮಗಳಿಗೆ, ಲೇಸರ್ ನಂತರ ಅಲ್ಲಲ್ಲಿ ಉಳಿದವುಗಳಿಗೆ ಎಲೆಕ್ಟ್ರಾಲಿಸಿಸ್ಸೇ ದಾರಿ. ಮುಖದ ಲೇಸರ್ ನಂತರ ಕೆಲವರಲ್ಲಿ, ಅದರಲ್ಲೂ ನಮ್ಮಂತಹ ಗೋಧಿ ಅಥವಾ ಕಪ್ಪು ಬಣ್ಣದ ಚರ್ಮದವರಲ್ಲಿ, ರೋಮ ಕಡಿಮೆಯಾಗುವ ಬದಲು ಸುತ್ತಲಿನ ನವಿರು ಕೂದಲೂ ದಪ್ಪವಾಗುವುದುಂಟು. ಅಂಥವರೂ ಸೂಜಿಯ ವಿಧಾನಕ್ಕೆ ಮರಳುತ್ತಾರೆ.

ಮೊದಲ ಸಿಟ್ಟಿಂಗಿನಲ್ಲೇ ಗಮನಿಸಬೇಕಾದದ್ದು

ಕುರ್ಚಿಯಲ್ಲಿ ಕುಳಿತವರು ಗಮನಿಸಬೇಕಾದ ಅತಿ ಮುಖ್ಯ ಲಕ್ಷಣ ಒಂದಿದೆ. ವಿದ್ಯುತ್ ಹಾಯಿಸಿದ ನಂತರ ಚಿಮುಟದಿಂದ ರೋಮ ಎತ್ತುವಾಗ ಅದು ಬೆಣ್ಣೆಯಿಂದ ಎಳೆ ತೆಗೆದ ಹಾಗೆ ಸಲೀಸಾಗಿ ಬರಬೇಕು. ಹುಬ್ಬು ಕೀಳುವಾಗ ಆಗುವಂತೆ "ಚುಳ್" ಎಂದು ಎಳೆತ ಗೊತ್ತಾದರೆ ಬುಡ ಸತ್ತಿಲ್ಲ, ರೋಮವನ್ನು ಬರಿದೇ ಕಿತ್ತಿದ್ದಾರೆ ಎಂದರ್ಥ. ಒಂದೆರಡು ರೋಮಕ್ಕೆ ಹೀಗಾಗುವುದು ಸಹಜ. ಪ್ರತಿಯೊಂದಕ್ಕೂ ಹೀಗೇ ಆಗುತ್ತಿದ್ದರೆ ಕೊಟ್ಟ ಹಣ ಚಿಮುಟದ ಕೆಲಸಕ್ಕೆ ಮಾತ್ರ. ಕೆಲವೇ ವಾರಗಳಲ್ಲಿ ಅದೇ ಜಾಗದಲ್ಲಿ ಅಷ್ಟೇ ರೋಮ ಕಾಣಿಸಿಕೊಳ್ಳುತ್ತದೆ.

ಎರಡನೆಯದು ನೋವು ಯಾವ ಬಗೆಯದು ಎಂಬುದು. ಸೂಜಿ ರೋಮಕೂಪದ ಸಹಜ ರಂಧ್ರದಲ್ಲಿ ಇಳಿಯುವುದರಿಂದ ಇಂಜೆಕ್ಷನ್‌ನಂತೆ ಚುಚ್ಚಿದ ಅನುಭವ ಆಗಬಾರದು. ವಿದ್ಯುತ್ ಹಾದಾಗ ಒಳಗೆ ಚುರುಕು, ಬಿಸಿ ತಿಳಿಯುತ್ತದೆ, ಅದು ಸಹಜ. ಆದರೆ ಸೂಜಿ ಇಳಿಸುವಾಗಲೇ ಚುಚ್ಚಿದರೆ, ರಕ್ತದ ಹನಿ ಮೂಡಿದರೆ ಅಥವಾ ಸೂಜಿ ಹೊರಗೆ ಬರುವಾಗ ಹೊರಚರ್ಮ ಉರಿದರೆ ಆಳವೋ ಕೋನವೋ ತಪ್ಪಿದೆ, ಇಲ್ಲವೇ ಸೂಜಿ ಪೂರ್ತಿ ಇಳಿಯುವ ಮುನ್ನ ಅಥವಾ ತೆಗೆಯುವಾಗ ವಿದ್ಯುತ್ ಹಾಯುತ್ತಿದೆ.

ಮೂರನೆಯದು ಚರ್ಮದ ಬಣ್ಣ. ರೋಮ ತೆಗೆದ ರಂಧ್ರದ ಸುತ್ತ ಸಣ್ಣಗೆ ಕೆಂಪಾಗುವುದು, ಉಬ್ಬುವುದು ಸಹಜ. ಅಲ್ಲಿಯೇ ಬೆಳ್ಳಗೆ ಅಥವಾ ಬೂದುಬಣ್ಣಕ್ಕೆ ತಿರುಗಿದರೆ, ನೀರುಗುಳ್ಳೆ ಎದ್ದರೆ ಅದು ಸುಟ್ಟಗಾಯ. ಗ್ಯಾಲ್ವಾನಿಕ್ ಬಗೆಯಲ್ಲಿ ಸೂಜಿಯು ಋಣ ಧ್ರುವಕ್ಕೆ ಸೇರಿರಬೇಕು. ಧನ ಧ್ರುವವನ್ನು ಚಿಕಿತ್ಸೆ ಪಡೆಯುವವರ ಕೈಗೆ ಹಿಡಿಯಲು ಕೊಡುತ್ತಾರೆ. ತಂತಿ ಅದಲುಬದಲಾದರೆ ಸೂಜಿಯ ಲೋಹದ ಅಂಶ ಚರ್ಮದಲ್ಲಿ ಇಳಿದು ಹಚ್ಚೆಯಂತೆ ಕಪ್ಪು ಚುಕ್ಕೆ ಉಳಿಯಬಹುದು.

ನಾಲ್ಕನೆಯದು ಕೆಲಸದ ಶಿಸ್ತು. ಸೂರತ್ತಿನ ವಜ್ರದ ಕೆಲಸಗಾರ ಭೂತಕನ್ನಡಿಯಿಲ್ಲದೆ ಹರಳು ಪರೀಕ್ಷಿಸುವುದಿಲ್ಲ. ಒಂದು ರೋಮದಷ್ಟು ಸಪುರವಾದ ರಂಧ್ರಕ್ಕೆ ಸೂಜಿ ಇಳಿಸುವವರಿಗೂ ಭೂತಕನ್ನಡಿ ಮತ್ತು ಪ್ರಖರವಾದ ದೀಪ ಬೇಕೇ ಬೇಕು. ಕೈಗೆ ಗ್ಲೌಸ್ ಇರಬೇಕು. ಸೂಜಿ ಒಬ್ಬರಿಗೆ ಒಂದೇ ಬಾರಿ ಬಳಸಿ ಎಸೆಯುವಂಥದ್ದಾಗಿದ್ದು, ಸೀಲು ಮಾಡಿದ ಪೊಟ್ಟಣವನ್ನು ಕಣ್ಣೆದುರು ಒಡೆಯಬೇಕು. "ಸ್ಪಿರಿಟ್‌ನಲ್ಲಿ ಒರೆಸಿದ್ದೇವೆ" ಎಂಬುದು ಉತ್ತರವಲ್ಲ. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ತಾಗಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿಯಂತಹ ರಕ್ತದ ಮೂಲಕ ಹರಡುವ ಸೋಂಕುಗಳ ಅಪಾಯವಿದೆ.

ಐದನೆಯದು ಅವಸರ. ಒತ್ತೊತ್ತಾಗಿ ಬೆಳೆದ ರೋಮಗಳನ್ನು ಒಂದೇ ದಿನ ಪಕ್ಕಪಕ್ಕದಲ್ಲೇ ತೆಗೆದರೆ ಒಂದರ ಶಾಖ ಇನ್ನೊಂದಕ್ಕೆ ಸೇರಿ ಆ ಜಾಗವೆಲ್ಲ ಬೆಂದಂತಾಗುತ್ತದೆ. ನುರಿತವರು ಬಿಟ್ಟುಬಿಟ್ಟು ತೆಗೆಯುತ್ತಾರೆ. ಮೊದಲ ಭೇಟಿಯಲ್ಲಿ ಕಿವಿಯ ಬಳಿಯೋ ದವಡೆಯ ಕೆಳಗೋ ನಾಲ್ಕಾರು ರೋಮ ಮಾತ್ರ ತೆಗೆದು, ಕೆಲವು ದಿನ ಚರ್ಮ ಹೇಗೆ ಮಾಯುತ್ತದೆಂದು ನೋಡಿ ಮುಂದುವರಿಯುವವರು ನಂಬಿಕೆಗೆ ಅರ್ಹರು.

ಮನೆಗೆ ಬಂದ ಮೇಲೆ ದಿನಗಳ ಲೆಕ್ಕ

ಸಹಜವಾದದ್ದು ಯಾವುದು, ಎಚ್ಚರಿಕೆಯ ಗಂಟೆ ಯಾವುದು ಎಂದು ತಿಳಿಯಲು ದಿನಗಳನ್ನು ಲೆಕ್ಕ ಹಾಕುವುದು ಒಳ್ಳೆಯ ಉಪಾಯ.

ಮೊದಲ ಒಂದೆರಡು ದಿನ ಕೆಂಪು, ಸ್ವಲ್ಪ ಊತ, ಮುಟ್ಟಿದರೆ ನೋವು ಇರಬಹುದು. ಮೇಲ್ತುಟಿಯ ಮೇಲೆ ಊತ ತುಸು ಹೆಚ್ಚು. ತಣ್ಣನೆಯ ಬಟ್ಟೆ ಒತ್ತಿದರೆ ಕಡಿಮೆಯಾಗುತ್ತದೆ. ಅನಂತರ ಸಾಸಿವೆಗಿಂತಲೂ ಸಣ್ಣ ಹಕ್ಕಳೆಗಳು ಕಾಣಿಸಿಕೊಂಡು ಒಂದು ವಾರ, ಹತ್ತು ದಿನದೊಳಗೆ ತಾವಾಗಿ ಉದುರುತ್ತವೆ. ಉಗುರಿನಿಂದ ಕೀಳಬಾರದು, ಕಿತ್ತರೆ ಸೂಜಿಯಿಂದ ಬೀಳದ ಗುಳಿ ಉಗುರಿನಿಂದ ಬೀಳುತ್ತದೆ. ಮೊದಲ ದಿನ ಮೇಕಪ್, ಬ್ಲೀಚ್, ಹಬೆ, ಈಜು ಬೇಡ. ಗಾಯ ಪೂರ್ತಿ ಮಾಯುವವರೆಗೆ ಆ ಜಾಗಕ್ಕೆ ನಿಂಬೆರಸ, ಟೂತ್‌ಪೇಸ್ಟ್‌ನಂತಹ ಮನೆಮದ್ದು ಹಚ್ಚುವುದೂ ಸರಿಯಲ್ಲ.

ಎಚ್ಚರಿಕೆಯ ಲಕ್ಷಣಗಳು ಬೇರೆ. ಹಕ್ಕಳೆ ದೊಡ್ಡದಾಗಿ, ಒಂದಕ್ಕೊಂದು ಕೂಡಿಕೊಂಡು ಬಂದರೆ, ನೀರು ಒಸರಿದರೆ, ಎರಡು ಮೂರು ದಿನಗಳ ನಂತರ ನೋವು, ಕೆಂಪು ಇಳಿಯುವ ಬದಲು ಏರಿದರೆ, ಕೀವು ತುಂಬಿದ ಗುಳ್ಳೆ ಎದ್ದರೆ, ಜ್ವರ ಬಂದರೆ ಮುಂದಿನ ಸಿಟ್ಟಿಂಗಿನ ತನಕ ಕಾಯದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಸೋಂಕನ್ನು ಬೇಗ ಗುಣಪಡಿಸಿದರೆ ಕಲೆ ಕಡಿಮೆ.

ಹಕ್ಕಳೆ ಉದುರಿದ ಮೇಲೆ ಉಳಿಯುವ ಗುರುತುಗಳಲ್ಲಿ ನಾಲ್ಕು ಬಗೆ. ಕಪ್ಪು ಅಥವಾ ಕಂದು ಚುಕ್ಕೆ ಮೊದಲನೆಯದು. ಇದು ಚರ್ಮ ಕೆರಳಿದಾಗ ಬಣ್ಣ ಹೆಚ್ಚಾಗಿ ಸುರಿದ ಗುರುತು. ಹೆಚ್ಚಿನವರಲ್ಲಿ ತಿಂಗಳುಗಳು ಹಿಡಿದರೂ ಮಾಸುತ್ತದೆ. ಬಿಳಿ ಚುಕ್ಕೆ ಎರಡನೆಯದು. ಬಣ್ಣ ತಯಾರಿಸುವ ಕೋಶಗಳಿಗೇ ಪೆಟ್ಟು ಬಿದ್ದಿರುವುದರಿಂದ ಇದು ಮಾಸುವುದು ಇನ್ನೂ ನಿಧಾನ. ಮೂರನೆಯದು ಗುಳಿ. ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಸಾಲಾಗಿ ಕಂಡು, ಓರೆಬೆಳಕಿನಲ್ಲಿ ಚರ್ಮ ಕಿತ್ತಳೆ ಸಿಪ್ಪೆಯಂತೆ ತೋರಿದರೆ ಒಳಚರ್ಮ ಸುಟ್ಟಿದೆ ಎಂದರ್ಥ. ಆರಂಭದ ಸಣ್ಣ ತಗ್ಗುಗಳು ಕೆಲವೊಮ್ಮೆ ತುಂಬಿಕೊಳ್ಳುತ್ತವೆ. ಆರು ತಿಂಗಳಾದರೂ ಹಾಗೆಯೇ ಇದ್ದರೆ ಅದು ಗಾಯದ ಗುರುತೇ ಸರಿ. ನಾಲ್ಕನೆಯದು ಉಬ್ಬಿದ ಗಡುಸು ಕಲೆ, ಅಂದರೆ ಕೀಲಾಯ್ಡ್. ಕಿವಿ ಚುಚ್ಚಿದ ಜಾಗದಲ್ಲಿ, ಲಸಿಕೆ ಹಾಕಿದ ತೋಳಿನಲ್ಲಿ ಅಥವಾ ಆಪರೇಷನ್ ಹೊಲಿಗೆಯ ಮೇಲೆ ಹಿಂದೆ ಗಂಟು ಎದ್ದವರು ಈ ವಿಷಯವನ್ನು ಮೊದಲೇ ತಿಳಿಸಬೇಕು.

ಎಲ್ಲ ಗುಳಿಗೂ ಎಲೆಕ್ಟ್ರಾಲಿಸಿಸ್ಸೇ ಕಾರಣ ಎನ್ನಲಾಗದು. ವರ್ಷಗಟ್ಟಲೆ ಚಿಮುಟದಿಂದ ಕಿತ್ತವರಲ್ಲಿ, ಥ್ರೆಡಿಂಗ್ ನಂತರ ರೋಮ ಒಳಗೇ ಸುರುಳಿ ಸುತ್ತಿ ಕೀವಾದವರಲ್ಲಿ, ಮೊಡವೆ ಇದ್ದವರಲ್ಲಿಯೂ ಕಲೆ ಇರುತ್ತದೆ. ಆದ್ದರಿಂದ ಚಿಕಿತ್ಸೆಗೆ ಮುಂಚೆ ಹಗಲು ಬೆಳಕಿನಲ್ಲಿ ಮುಖದ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ಪ್ರತಿ ಸಿಟ್ಟಿಂಗ್ ಮುಗಿದ ಮೂರನೇ ದಿನ, ಹದಿನೈದನೇ ದಿನ ಮತ್ತೆ ತೆಗೆದರೆ ಹೋಲಿಸಲು ಸುಲಭ, ವೈದ್ಯರಿಗೆ ತೋರಿಸಲೂ ಅನುಕೂಲ.

ಗುಜರಾತಿನ ಬಿಸಿಲು, ನಮ್ಮ ಮೈಬಣ್ಣ

ಗೋಧಿಬಣ್ಣ, ಎಣ್ಣೆಗಪ್ಪು ಬಣ್ಣದ ನಮ್ಮ ಚರ್ಮಕ್ಕೆ ಸಣ್ಣ ಕೆರಳಿಕೆಯಾದರೂ ಕಪ್ಪು ಕಲೆ ಬೇಗ ಬೀಳುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಕಲೆ ಗಾಢವಾಗಿ ನಿಲ್ಲುತ್ತದೆ. ಅಹಮದಾಬಾದಿನ ಬೇಸಿಗೆಯಲ್ಲಿ ಪಾರಾ 40 ಡಿಗ್ರಿ ದಾಟುವುದು ವಾಡಿಕೆ. ಜನವರಿ 14ರ ಉತ್ತರಾಯಣದಂದು ಬೆಳಗಿನಿಂದ ಸಂಜೆಯವರೆಗೆ ಟೆರೇಸಿನ ಮೇಲೆ ಗಾಳಿಪಟ ಹಾರಿಸುತ್ತ ನಿಲ್ಲುವವರು ಅದರ ಹಿಂದಿನ ವಾರಗಳಲ್ಲಿ ಚಿಕಿತ್ಸೆ ಮಾಡಿಸಿಕೊಳ್ಳದಿರುವುದೇ ಲೇಸು. ನವರಾತ್ರಿಯ ಗರ್ಬಾದ ಬೆವರು, ಮೇಕಪ್, ಸೂರತ್ತಿನ ಸೆಕೆ ಕೂಡ ಹಸಿ ಗಾಯಕ್ಕೆ ಹಿತವಲ್ಲ. ಹಬ್ಬಕ್ಕೋ ಮದುವೆಗೋ ಕನಿಷ್ಠ ಎರಡು ಮೂರು ವಾರ ಮುಂಚೆ ಸಿಟ್ಟಿಂಗ್ ನಿಲ್ಲಿಸಬೇಕು. ಹೊರಗೆ ಹೋಗುವಾಗ ಎಸ್‌ಪಿಎಫ್ 30 ಅಥವಾ ಅದಕ್ಕೂ ಮೇಲ್ಪಟ್ಟ ಸನ್‌ಸ್ಕ್ರೀನ್, ಕೊಡೆ ಅಥವಾ ದುಪ್ಪಟ್ಟಾ ಮರೆಯಬಾರದು.

ಕಲೆ ಹೋಗಿಸಲು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಮುಲಾಮಿನ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಮುಖ ಬೆಳ್ಳಗಾಗುತ್ತದೆಂದು ಮಾರಾಟವಾಗುವ ಹಲವು ಮಿಶ್ರಣಗಳಲ್ಲಿ ಪ್ರಬಲ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಮುಖ ತಿಳಿಯಾದಂತೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತದೆ, ಮತ್ತು ಮುಖದ ಮೇಲೆ ರೋಮ ಬೆಳೆಯುತ್ತದೆ. ರೋಮ ತೆಗೆಸಲು ಹೋಗಿ ಕಲೆ, ಕಲೆ ತೆಗೆಯಲು ಹೋಗಿ ಮತ್ತೆ ರೋಮ ಎಂಬ ಸುಳಿಗೆ ಸಿಲುಕುವುದು ಹೀಗೆ. ಈ ದುರ್ಬಳಕೆಯ ಕಾರಣದಿಂದಲೇ ಕೇಂದ್ರ ಸರ್ಕಾರವು 2018ರಲ್ಲಿ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಕಲೆಗೆ ಸರಿಯಾದ ಚಿಕಿತ್ಸೆ ಇದೆ. ಕಪ್ಪು ಕಲೆಗೆ ವೈದ್ಯರು ಸೂಚಿಸುವ ಲೇಪನ ಮತ್ತು ಬಿಸಿಲಿನಿಂದ ರಕ್ಷಣೆ, ಗುಳಿಗಳಿಗೆ ಮೈಕ್ರೋನೀಡ್ಲಿಂಗ್ ಅಥವಾ ಫ್ರ್ಯಾಕ್ಷನಲ್ ಲೇಸರ್, ಕೀಲಾಯ್ಡ್‌ಗೆ ಗಂಟಿನೊಳಗೇ ಕೊಡುವ ಇಂಜೆಕ್ಷನ್ ಇತ್ಯಾದಿ. ಗುಳಿ ತುಸು ತುಂಬಬಹುದೇ ಹೊರತು ಮೊದಲಿನ ಚರ್ಮ ಪೂರ್ತಿ ಮರಳುವುದು ಕಷ್ಟ. ಆದ್ದರಿಂದಲೇ ಬೀಳದಂತೆ ನೋಡಿಕೊಳ್ಳುವುದು ಮುಖ್ಯ.

ಕಾರಣ ಒಳಗಿದ್ದರೆ ಸೂಜಿಯೊಂದೇ ಸಾಲದು

ಹೆಣ್ಣುಮಕ್ಕಳ ಗಲ್ಲ, ಎದೆ, ಹೊಟ್ಟೆಯ ಮೇಲೆ ಗಂಡಸರಂತೆ ದಪ್ಪ ರೋಮ ಬೆಳೆಯಲು ಹೆಚ್ಚಾಗಿ ಹಾರ್ಮೋನಿನ ಏರುಪೇರು ಕಾರಣ. ಜನ ಪಿಸಿಒಡಿ ಎಂದು ಕರೆಯುವ ಅಂಡಾಶಯದ ತೊಂದರೆ ಇದರಲ್ಲಿ ಮುಖ್ಯವಾದದ್ದು. ಮುಟ್ಟಿನ ಏರುಪೇರು, ತೂಕ ಹೆಚ್ಚಳ, ಮೊಡವೆ, ನೆತ್ತಿಯ ಕೂದಲು ಉದುರುವುದು ಜೊತೆಗಿದ್ದರೆ ಸ್ತ್ರೀರೋಗ ತಜ್ಞರನ್ನು ಅಥವಾ ಹಾರ್ಮೋನ್ ತಜ್ಞರನ್ನು ಕಾಣಲೇಬೇಕು. ಕೆಲವೇ ತಿಂಗಳಲ್ಲಿ ರೋಮ ಏಕಾಏಕಿ ಹೆಚ್ಚಾಗಿ ಧ್ವನಿಯೂ ಗಡುಸಾದರೆ ತಡಮಾಡುವಂತಿಲ್ಲ. ವಿರಳವಾಗಿ ಅಂಡಾಶಯದ ಅಥವಾ ಅಡ್ರಿನಲ್ ಗ್ರಂಥಿಯ ಗಡ್ಡೆ ಇದಕ್ಕೆ ಕಾರಣವಾಗಿರಬಹುದು. ಒಳಗಿನ ಕಾರಣಕ್ಕೆ ಮದ್ದಿಲ್ಲದಿದ್ದರೆ ತೆಗೆದ ರೋಮ ಹೋದರೂ ಪಕ್ಕದ ನವಿರು ಕೂದಲು ದಪ್ಪವಾಗಿ ಹೊಸ ರೋಮ ಬರುತ್ತಲೇ ಇರುತ್ತದೆ.

ಇನ್ನೊಂದು ಮಾತು. ರೋಮಗಳು ಸರದಿಯಂತೆ ಬೆಳೆಯುತ್ತವೆ, ನಿಲ್ಲುತ್ತವೆ, ಉದುರುತ್ತವೆ. ಯಾವುದೇ ದಿನ ಹೊರಗೆ ಕಾಣುವುದು ಒಂದು ಪಾಲು ಮಾತ್ರ. ಆದುದರಿಂದ ಎಷ್ಟೇ ನುರಿತವರಾದರೂ ಮುಖ ಪೂರ್ತಿ ತಿಳಿಯಾಗಲು ವರ್ಷ, ಒಂದೂವರೆ ವರ್ಷ ಹಿಡಿಯಬಹುದು. "ಮೂರೇ ಸಿಟ್ಟಿಂಗ್, ಗ್ಯಾರಂಟಿ" ಎನ್ನುವವರನ್ನು ದೂರವಿಡಬೇಕು. ಸರಿಯಾದ ಚಿಕಿತ್ಸೆಯ ಗುರುತೆಂದರೆ, ತಿಂಗಳು ಕಳೆದಂತೆ ಪ್ರತಿ ಸಿಟ್ಟಿಂಗಿಗೆ ಬೇಕಾಗುವ ಸಮಯ ಕಡಿಮೆಯಾಗುತ್ತ ಹೋಗುವುದು, ಮರಳಿ ಬಂದ ರೋಮ ನವಿರಾಗುತ್ತ ಹೋಗುವುದು. ನಡುವೆ ಚಿಮುಟದಿಂದ ಕೀಳಬಾರದು, ಕತ್ತರಿಯಿಂದ ಕತ್ತರಿಸಬಹುದು. ಬೇಸಿಗೆಯಲ್ಲಿ ಎರಡು ತಿಂಗಳು ಊರಿಗೆ ಹೋಗುವ ಕುಟುಂಬದವರು ಇದನ್ನು ಲೆಕ್ಕಕ್ಕೆ ತೆಗೆದುಕೊಂಡು ಆರಂಭಿಸುವುದು ಒಳ್ಳೆಯದು.

ಯಾರ ಬಳಿ ಹೋಗಬೇಕು

ಗೋಡೆಯ ಮೇಲೆ ತೂಗುವ ಸರ್ಟಿಫಿಕೇಟುಗಳೆಲ್ಲ ವೈದ್ಯಕೀಯ ಪದವಿಗಳಲ್ಲ. ಮೊದಲು ಚರ್ಮರೋಗ ತಜ್ಞರ ಸಲಹೆ ಪಡೆಯುವುದು ಕ್ಷೇಮ. ಖಾಸಗಿ ಕ್ಲಿನಿಕ್ಕಿನ ಖರ್ಚು ಬೇಡವೆನ್ನುವವರಿಗೆ ಅಹಮದಾಬಾದಿನ ಅಸಾರ್ವಾದಲ್ಲಿರುವ ಸಿವಿಲ್ ಆಸ್ಪತ್ರೆ, ಬರೋಡದ ಸರ್ ಸಯಾಜಿರಾವ್ ಜನರಲ್ (ಎಸ್‌ಎಸ್‌ಜಿ) ಆಸ್ಪತ್ರೆ, ಸೂರತ್ತಿನ ಮಜೂರಾ ಗೇಟ್ ಬಳಿಯ ನ್ಯೂ ಸಿವಿಲ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಮೂರೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳು. ಕಲೆಯಾದ ಮೇಲೆ ತೋರಿಸಿಕೊಳ್ಳಲೂ ಇಲ್ಲಿಗೆ ಹೋಗಬಹುದು.

ಪೇಸ್‌ಮೇಕರ್ ಇರುವವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಯವರು, ಮೊಡವೆಗೆ ಐಸೋಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರು, ತುಟಿಯ ಬಳಿ ಆಗಾಗ ಸರ್ಪಸುತ್ತಿನಂತಹ ನೀರುಗುಳ್ಳೆ ಏಳುವವರು ಆರಂಭಕ್ಕೆ ಮುನ್ನ ವೈದ್ಯರನ್ನು ಕೇಳಬೇಕು. ಮಚ್ಚೆಯ ಮೇಲಿನ ರೋಮಕ್ಕೆ ಸೂಜಿ ಹಾಕಿಸುವ ಮುನ್ನ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು.

ಭಾಷೆಯ ತೊಡಕಿನಿಂದ ಪ್ರಶ್ನೆ ಕೇಳದೆ ಕುಳಿತುಬಿಡುವವರು, ಅದರಲ್ಲೂ ಊರಿನಿಂದ ಹೊಸದಾಗಿ ಮದುವೆಯಾಗಿ ಬಂದವರು, ನಾಲ್ಕು ಗುಜರಾತಿ ಮಾತು ಕಲಿತರೆ ಸಾಕು. ಸೂಜಿಗೆ "ಸೋಯ್" ಎನ್ನುತ್ತಾರೆ. "ನವೀ ಸೋಯ್ ಮಾರೀ ಸಾಮೇ ಖೋಲೋ" ಎಂದರೆ ಹೊಸ ಸೂಜಿಯನ್ನು ನನ್ನೆದುರೇ ತೆರೆಯಿರಿ ಎಂದರ್ಥ. ಉರಿಗೆ "ಬಳತರಾ", ಕಲೆಗೆ "ಡಾಘ್", ಗುಳಿಗೆ "ಖಾಡೋ". ಹಣ ಕೊಡುವಾಗ "ಪಾಕುಂ ಬಿಲ್ ಆಪೋ" ಎಂದು ಪಕ್ಕಾ ಬಿಲ್ ಕೇಳಬೇಕು.

ಹತ್ತಿಪ್ಪತ್ತು ಸಿಟ್ಟಿಂಗಿನ ಹಣವನ್ನು ಒಟ್ಟಿಗೆ ಕಟ್ಟಿಸಿಕೊಳ್ಳುವ ಪ್ಯಾಕೇಜಿಗೆ ಮೊದಲ ದಿನವೇ ಸಹಿ ಹಾಕಬಾರದು. ಕಟ್ಟಿದ ಹಣವೇ ಎಷ್ಟೋ ಜನರನ್ನು ಕೆಟ್ಟ ಚಿಕಿತ್ಸೆಗೆ ಕಟ್ಟಿಹಾಕುತ್ತದೆ. ಒಂದು ಸಿಟ್ಟಿಂಗಿಗೆ ಹಣ ಕೊಟ್ಟು, ಹದಿನೈದು ದಿನ ಚರ್ಮ ನೋಡಿ, ಅನಂತರ ಮುಂದುವರಿಯಬೇಕು.

ಹಾನಿಯಾದರೆ ದೂರು ನೀಡುವ ದಾರಿ

ಹಣ ಕೊಟ್ಟು ಪಡೆದ ಸೇವೆಯಲ್ಲಿ ನಿರ್ಲಕ್ಷ್ಯದಿಂದ ಹಾನಿಯಾದರೆ ಪರಿಹಾರ ಕೇಳುವ ಹಕ್ಕನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಕೊಡುತ್ತದೆ. ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ತೀರ್ಪಿತ್ತಿದೆ. ದೂರುದಾರರು ತಾವು ವಾಸಿಸುವ ಅಥವಾ ದುಡಿಯುವ ಊರಿನ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಸಲ್ಲಿಸಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಘಟನೆ ನಡೆದ 2 ವರ್ಷದೊಳಗೆ ದೂರು ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ಮಾತನಾಡುವ ವ್ಯವಸ್ಥೆಯಿದೆ. 1978ರಲ್ಲಿ ಸ್ಥಾಪನೆಯಾದ ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಅಹಮದಾಬಾದಿನಲ್ಲಿಯೇ ಇದ್ದು, ಗ್ರಾಹಕರ ದೂರುಗಳಿಗೆ ಮಾರ್ಗದರ್ಶನ ನೀಡುತ್ತ ಬಂದಿದೆ.

ಇದಕ್ಕೆಲ್ಲ ಆಧಾರ ಬೇಕು. ಬಿಲ್ಲು, ಹಣ ಕಟ್ಟಿದ ರಸೀತಿ, ಸಿಟ್ಟಿಂಗಿನ ದಿನಾಂಕಗಳು, ಮೊದಲಿನ ಮತ್ತು ನಂತರದ ಫೋಟೋ, ಬೇರೊಬ್ಬ ತಜ್ಞರ ಲಿಖಿತ ಅಭಿಪ್ರಾಯ ಇವಿಷ್ಟನ್ನು ಒಂದು ಫೈಲಿನಲ್ಲಿ ಜೋಡಿಸಿಟ್ಟರೆ ಅರ್ಧ ಕೆಲಸ ಮುಗಿದಂತೆ. ಬಿಲ್ಲಿಲ್ಲದೆ ಕೈಗೆ ಹಣ ಕೊಟ್ಟು ಮಾಡಿಸಿಕೊಂಡವರಿಗೆ ದಾರಿ ಕಠಿಣ.

ಸಂಘದ ಅಂಗಳದಲ್ಲಿ ಈ ಮಾತು

ಮೂರೂ ನಗರಗಳ ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ಮಹಿಳೆಯರು ಅರಸಿನ ಕುಂಕುಮ, ಭಜನೆ, ಆಟಿ ತಿಂಗಳ ತಿಂಡಿತಿನಿಸು ಎಂದು ಸೇರುವ ಸಂದರ್ಭಗಳು ಅನೇಕ. ಇಂತಹ ಒಂದು ದಿನ ಅರ್ಧ ಗಂಟೆ ಚರ್ಮರೋಗ ತಜ್ಞರನ್ನೋ ಸ್ತ್ರೀರೋಗ ತಜ್ಞರನ್ನೋ ಕರೆಸಿ ಮಾತನಾಡಿಸಿದರೆ, ನಾಲ್ವರ ನಡುವೆ ಕೇಳಲಾಗದ್ದನ್ನು ಚೀಟಿಯಲ್ಲಿ ಬರೆದು ಕೇಳಲು ಅವಕಾಶ ಕೊಟ್ಟರೆ, ಎಷ್ಟೋ ಮನೆಗಳ ಮುಚ್ಚಿಟ್ಟ ಸಂಕಟಕ್ಕೆ ದಾರಿ ಸಿಕ್ಕೀತು. ತಾಯಂದಿರು, ಅತ್ತೆಯಂದಿರು ಕೂಡ ಗಲ್ಲದ ರೋಮವನ್ನು ನೆಂಟರೆದುರು ಎತ್ತಿ ಆಡದೆ, ಮುಟ್ಟು ಸರಿಯಾಗಿ ಆಗುತ್ತಿದೆಯೇ ಎಂದು ಮಗಳನ್ನು, ಸೊಸೆಯನ್ನು ಬದಿಗೆ ಕರೆದು ಕೇಳಿದರೆ ಅದೇ ಮೊದಲ ಚಿಕಿತ್ಸೆ. ಹೆಣ್ಣುಮಕ್ಕಳು ಅವಸರದಲ್ಲಿ ಸಿಕ್ಕವರ ಕೈಗೆ ಮುಖ ಒಪ್ಪಿಸುವುದು ಹೆಚ್ಚಾಗಿ ಇಂಥ ಮಾತುಗಳ ನೋವಿನಿಂದಲೇ.

ಈಗಾಗಲೇ ಚಿಕಿತ್ಸೆ ಆರಂಭಿಸಿರುವವರು ಇಂದೇ ಹಗಲು ಬೆಳಕಿನಲ್ಲಿ ಕನ್ನಡಿ ಹಿಡಿದು ನೋಡಿಕೊಳ್ಳಲಿ. ರೋಮ ಎಳೆತವಿಲ್ಲದೆ ಬರುತ್ತಿದ್ದರೆ, ಹಕ್ಕಳೆ ಹತ್ತು ದಿನದಲ್ಲಿ ಉದುರಿ ಚರ್ಮ ಮಟ್ಟಸವಾಗಿದ್ದರೆ ನಿಶ್ಚಿಂತೆಯಿಂದ ಮುಂದುವರಿಯಬಹುದು. ಎಳೆತ, ರಕ್ತ, ದೊಡ್ಡ ಹಕ್ಕಳೆ, ಸಾಲು ಗುಳಿ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಸಿಟ್ಟಿಂಗಿಗೆ ಹೋಗದೆ ಮೊದಲು ಚರ್ಮರೋಗ ತಜ್ಞರಿಗೆ ತೋರಿಸಬೇಕು.